ಭಾನುವಾರದ ಗಡ್ಡ

ಅಂಗಡಿಗೆ ಕೊನೆಯ ಸಲ ಬೀಗ ಹಾಕಿ ಬರುವ ದಿನ ಬೇರೆ ಗಂಡಸರು ಮನೆಗೆ ಏನು ತರುತ್ತಾರೋ, ವಾಚ್ ಮಾಮ ಮಾತ್ರ ಒಂದು ಕ್ಷೌರದ ಕತ್ತಿ ತಂದ.

ಹೊಸದೂ ಅಲ್ಲ. ಗುಜರಿಯವನ ಹತ್ತಿರ ಹಳೇ ಬೀಗಗಳು, ಹಿಡಿಯಿಲ್ಲದ ಸ್ಕ್ರೂಡ್ರೈವರುಗಳ ನಡುವೆ ಬಿದ್ದಿದ್ದದ್ದು. ಬೇಕೆಂದಾಗ ಬಿಚ್ಚಿ, ಬೇಡವೆಂದಾಗ ಹಿಡಿಯೊಳಕ್ಕೇ ಮಡಚಿಡುವಂಥ ಉದ್ದ ಅಲಗು. ಹಿಂದೆ ಕ್ಷೌರದಂಗಡಿಗಳಲ್ಲಿ ಇರುತ್ತಿತ್ತಲ್ಲ, ಅದು. ಕರ್ಚೀಫಿನಲ್ಲಿ ಸುತ್ತಿ ತಂದದ್ದನ್ನು ಊಟದ ಮೇಜಿನ ಮೇಲೆ ಬಿಡಿಸಿಟ್ಟಾಗ ಅವನ ಹೆಂಡತಿಯ ಎದೆ ಧಸಕ್ಕೆಂದಿತು.

"ಏನ್ರೀ ಇದು?"

"ಸ್ಟೇನ್‌ಲೆಸ್ ಸ್ಟೀಲು. ತುಕ್ಕಿನ ಚುಕ್ಕೆ ಕೂಡ ಇಲ್ಲ ನೋಡು. ಹರಿತ ಒಂದೇ ಇಲ್ಲ. ಮನೆಯಲ್ಲೇ ಮಸೆಯೋದು ಕಲೀತೀನಿ."

"ಕಲಿತು?"

"ಕಲಿತು ಗಡ್ಡ ಕೆರ್ಕೋತೀನಿ. ಇನ್ನೇನು, ಹಲ್ಲುಜ್ಜಕ್ಕಾಗುತ್ತಾ?"

ಬೀದಿಯ ತುದಿಯಲ್ಲಿ ಜೀವಮಾನವೆಲ್ಲ ಗಡಿಯಾರ ರಿಪೇರಿ ಮಾಡಿದ್ದಕ್ಕೆ ಬೀದಿಗೆಲ್ಲ ಅವನು ವಾಚ್ ಮಾಮ. ಮಾಮನ ಹೆಂಡತಿ ಎಂಬ ಒಂದೇ ತಪ್ಪಿಗೆ ಅವಳು ಬೀದಿಗೆಲ್ಲ ಅತ್ತೆ. ಹೆತ್ತ ಮಗಳೊಬ್ಬಳನ್ನು ಬಿಟ್ಟರೆ ಅವಳನ್ನು ಬೇರೆ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ಅತ್ತೆ ಹೆದರುವ ಪೈಕಿಯ ಹೆಂಗಸಲ್ಲ. ಗ್ಯಾಸ್ ಸೋರಿದಾಗ ಮಹಡಿಯವರೆಲ್ಲ ಚಪ್ಪಲಿ ಬಿಟ್ಟು ಓಡಿದರೆ, ಇವಳು ಒಳಗೆ ಹೋಗಿ ಸಿಲಿಂಡರಿನ ಕಿವಿ ತಿರುಗಿಸಿ ಬಂದವಳು. ಆದರೆ ಗಂಡನ ವಿಷಯಕ್ಕೆ ಬಂದರೆ ಈಚೆಗೆ ಅವಳ ಜೀವ ಅಂಗೈಯಲ್ಲೇ ಇರುತ್ತಿತ್ತು.

ಕಾರಣ ಇಲ್ಲದೆ ಅಲ್ಲ. ಮಾಮನ ಬಲಗೈ ನಡುಗಲು ಶುರುವಾಗಿತ್ತು. ಅಂಗಡಿ ಮುಚ್ಚಿದ್ದೂ ಅದಕ್ಕೇ. ಅದರ ಮೇಲೆ ಅವನ ಹೃದಯಕ್ಕೆಂದು ಡಾಕ್ಟರು ರಕ್ತ ತೆಳುವಾಗುವ ಮಾತ್ರೆ ಬರೆದುಕೊಟ್ಟು, "ಗಾಯ ಮಾತ್ರ ಮಾಡ್ಕೋಬೇಡಿ, ಬೇಗ ನಿಲ್ಲಲ್ಲ" ಎಂದು ಎಚ್ಚರಿಸಿದ್ದರು. ಡಾಕ್ಟರು ಹೇಳಿದ್ದು ಮಾಮನ ಒಂದು ಕಿವಿಯಿಂದ ಹೋಗಿ ಇನ್ನೊಂದರಿಂದ ಹೊರಬಿತ್ತು. ಆಮೇಲೆ ಒಂದು ಬೆಳಿಗ್ಗೆ ಸೇಬು ಹೆಚ್ಚಲು ಹೋಗಿ ಬೆರಳಿಗೆ ಸ್ವಲ್ಪ ತಗುಲಿಸಿಕೊಂಡ. ಸ್ವಲ್ಪ ಎಂದರೆ ನಿಜವಾಗಿಯೂ ಸ್ವಲ್ಪ, ಬೇರೆಯವರಾಗಿದ್ದರೆ ಬೆರಳನ್ನು ಬಾಯಿಗಿಟ್ಟುಕೊಂಡು ಮರೆಯುವಷ್ಟು. ಇವನದು ಮಧ್ಯಾಹ್ನದ ತನಕ ನಿಲ್ಲಲಿಲ್ಲ. ಸಿಂಕೆಲ್ಲ ಕೆಂಪಾಗಿ, ಎರಡು ಟವೆಲು ನೆನೆದು, ಕಡೆಗೆ ಕ್ಲಿನಿಕ್ಕಿಗೆ ಹೊತ್ತುಕೊಂಡು ಹೋಗುವ ಹಾಗಾಯಿತು. ಮರುದಿನ ಮಗಳು ಬಂದು ಸ್ನಾನದ ಮನೆಯಲ್ಲಿದ್ದ ಬ್ಲೇಡುಗಳನ್ನೆಲ್ಲ ಗುಡಿಸಿಕೊಂಡು ಹೋಗಿ, ಕರೆಂಟಿನಲ್ಲಿ ಓಡುವ ಗಡ್ಡದ ಮಿಷನ್ನು ತಂದಿಟ್ಟಳು. ಮಾಮ ಅದಕ್ಕೆ "ಹುಲ್ಲು ಕತ್ತರಿಸೋದು" ಎಂದು ಹೆಸರಿಟ್ಟು, ಮುಖ ಹುಳ್ಳಗೆ ಮಾಡಿಕೊಂಡು ವಾರಕ್ಕೊಮ್ಮೆ ಕೆನ್ನೆಯ ಮೇಲೆ ಓಡಿಸಿಕೊಳ್ಳುತ್ತಿದ್ದ.

ಅಂಥವನ ಕೈಗೆ ಈಗ ಕತ್ತಿ. ಬೆರಳಿಗಲ್ಲ, ಕುತ್ತಿಗೆಗೆ ಇಡುವ ಕತ್ತಿ.

"ಬಚ್ಚಿಟ್ಟುಬಿಡಮ್ಮ," ಎಂದಳು ಮಗಳು ಫೋನಿನಲ್ಲಿ.

"ಬಚ್ಚಿಟ್ರೆ ಇನ್ನೊಂದು ತರ್ತಾರೆ. ನಿಮ್ಮಪ್ಪನ ಹಟ ನಿಂಗೆ ಗೊತ್ತಿಲ್ವಾ?"

"ಹಾಗಾದ್ರೆ ಬಿಡು. ಅಪ್ಪಂಗೆ ಮಸೆಯಕ್ಕೆಲ್ಲಿ ಬರುತ್ತೆ. ನಾಲ್ಕು ದಿನ ತಿಕ್ಕಿ ಮೂಲೆಗೆ ಹಾಕ್ತಾರೆ."

ಅತ್ತೆ ಆ ಮಾತನ್ನೇ ಹಿಡಿದುಕೊಂಡು ಸ್ವಲ್ಪ ಉಸಿರಾಡಿದಳು. ಮೊದಲ ವಾರ ಮಗಳ ಮಾತು ಸುಳ್ಳಾಗುವ ಲಕ್ಷಣವೂ ಇರಲಿಲ್ಲ. ಮಾಮ ಅಡುಗೆಮನೆಯ ಸಾಣೆಕಲ್ಲು ತೆಗೆದುಕೊಂಡು, ತರಕಾರಿ ಚಾಕು ಮಸೆಯುವ ಹಾಗೆ ಕತ್ತಿಯ ಬೆನ್ನೆತ್ತಿ ಹಿಡಿದು ಗಸಗಸ ತಿಕ್ಕಿದ. ಇದ್ದಬದ್ದ ಹರಿತವೂ ಹೋಯಿತು. ಆಮೇಲೆ ಮಗಳೇ ಹಿಂದೊಮ್ಮೆ ಕೊಡಿಸಿದ್ದ ಫೋನಿನಲ್ಲಿ, ಮುಖ ತೋರಿಸದೆ ಬರೀ ಕೈ ತೋರಿಸುವ ಯಾರದೋ ವಿಡಿಯೋಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಈ ಕತ್ತಿಯ ಬೆನ್ನನ್ನು ಎತ್ತಲೇಬಾರದಂತೆ. ಬೆನ್ನೂ ಹರಿತದ ಅಂಚಿನ ಬಾಯಿಯೂ ಎರಡೂ ಒಟ್ಟಿಗೆ ಕಲ್ಲಿನ ಮೇಲೆ ಮಲಗಬೇಕಂತೆ, ಕೊನೆಗೆ ಬಂದಾಗ ಬೆನ್ನಿನ ಮೇಲೇ ಮಗ್ಗುಲು ಬದಲಿಸಬೇಕಂತೆ. ಅಡುಗೆಮನೆಯ ಕಲ್ಲು ನಡುವೆ ಸವೆದು ಕುಳಿಬಿದ್ದಿತ್ತು, ಅದರ ಮೇಲೆ ಯಾವುದೂ ನೆಟ್ಟಗೆ ಮಲಗುವಂತಿರಲಿಲ್ಲ. ಅದಕ್ಕೆ ಹೊಸ ಕಲ್ಲು ಬಂತು, ಒಂದು ಕಡೆ ಒರಟು, ಇನ್ನೊಂದು ಕಡೆ ನಯ. ಮಸೆದಾದ ಮೇಲೆ ತೊಗಲಿನ ಮೇಲೆ ಎಳೆಯಬೇಕೆಂದು ತನ್ನ ಒಳ್ಳೆಯ ಬೆಲ್ಟನ್ನೇ ಕಿಟಕಿಯ ಸರಳಿಗೆ ಕಟ್ಟಿದ. ಎಳೆಯುವಾಗ ಬೆನ್ನು ಮುಂದಿರಬೇಕು, ಇವನು ಬಾಯಿ ಮುಂದಿಟ್ಟು ಎಳೆದ. ಬೆಲ್ಟು ಸೀಳಿತು. ಅತ್ತೆ ಬೈಯಲಿಲ್ಲ. ಇನ್ನೂ ಒಂದೆರಡು ಬೆಲ್ಟು ಸೀಳಲಿ, ಬೇಸತ್ತು ಬಿಡಲಿ ಎಂದುಕೊಂಡಳು.

ಬಿಡುವ ಪೈಕಿಯೇ ಆಸಾಮಿ? ತಿಂಡಿ ಆದದ್ದೇ ಕಿಟಕಿಯ ಪಕ್ಕ ಕಲ್ಲಿಟ್ಟುಕೊಂಡು ಕೂರುತ್ತಿದ್ದ. ಒರಟು ಕಡೆ ತಿಕ್ಕಿದಾಗ ಬಾಯಂಚಿನಲ್ಲಿ ಉಕ್ಕಿನ ಒಂದು ತೆಳು ಎಳೆ ಮಗುಚಿ ನಿಲ್ಲುತ್ತದೆ. ಅದು ಹೋಗುವ ತನಕ ಹರಿತ ಬಂತು ಅನ್ನುವ ಹಾಗಿಲ್ಲ. ಸ್ಟೇನ್‌ಲೆಸ್ಸಿನಲ್ಲಿ ಆ ಎಳೆ ಮಹಾ ಹಟಮಾರಿ. ಈ ಕಡೆ ತಿಕ್ಕಿದರೆ ಆ ಕಡೆ ಬಾಗುತ್ತದೆ, ಆ ಕಡೆ ತಿಕ್ಕಿದರೆ ಈ ಕಡೆ, ಜಪ್ಪಯ್ಯ ಅಂದರೂ ಬಿಟ್ಟುಹೋಗುವುದಿಲ್ಲ. ಮಾಮ ಅದಕ್ಕಿಂತ ಹಟಮಾರಿ. ಗಡಿಯಾರ ನೋಡಲು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಪುಟ್ಟ ಭೂತಗನ್ನಡಿಯಲ್ಲಿ ಆಗಾಗ ಅಲಗನ್ನು ನೋಡುವುದು, ಏನೋ ಗೊಣಗುವುದು, ಕಲ್ಲಿಗೆ ನೀರು ಚಿಮುಕಿಸಿ ಮತ್ತೆ ತಿಕ್ಕುವುದು. ಮನೆಯಲ್ಲಿ ಆ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಅಡುಗೆಮನೆಯಲ್ಲಿ ನಿಂತ ಅತ್ತೆಗೆ ಅದು ತನ್ನ ಬೆನ್ನುಹುರಿಯ ಮೇಲೇ ತಿಕ್ಕಿದ ಹಾಗಾಗುತ್ತಿತ್ತು.

"ಇಲ್ಲಿ ಬಾ, ನೋಡು," ಎಂದು ಒಂದು ದಿನ ಕರೆದ.

ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. ಕಲ್ಲಿನ ಮೇಲೆ ಕತ್ತಿ ಹೋಗುತ್ತಿತ್ತು, ಬರುತ್ತಿತ್ತು. ಅದನ್ನು ಹಿಡಿದ ಕೈ ನಡುಗುತ್ತಿರಲಿಲ್ಲ. ಅನ್ನ ಬಾಯಿಗೆ ಹೋಗುವ ಮೊದಲೇ ಚಮಚದಿಂದ ಉದುರಿಸುವ ಅದೇ ಕೈ.

"ಕಲ್ಲಿನ ಮೇಲೆ ಭಾರ ಬಿಟ್ರೆ ಸುಮ್ಮನಾಗುತ್ತೆ," ಎಂದ ಮಾಮ. ಅವನ ಮುಖದಲ್ಲಿ ಅಂಗಡಿ ಮುಚ್ಚಿದ ಮೇಲೆ ಕಾಣದಿದ್ದ ಬೆಳಕು ಇತ್ತು.

ಅತ್ತೆಗೆ ಸಂತೋಷವಾಯಿತು. ಆದರೆ ಕುತ್ತಿಗೆ ಕಲ್ಲಲ್ಲವಲ್ಲ, ಎಂದುಕೊಂಡಳು.

ನೀರು ಕುಡಿಯುವ ಗಾಜಿನ ಲೋಟವನ್ನು ಅವಳು ಕಲ್ಲಿನ ಪಕ್ಕ ಇಟ್ಟಾಗ ಮಾಮ ಬೆಚ್ಚಿದ. "ಅದನ್ನ ದೂರ ಇಡು ಮಾರಾಯ್ತಿ. ಬಾಯಿ ಗಾಜಿಗೆ ಒಂದ್ಸಲ ಎಳೆದ್ರೆ ಸಾಕು, ವಾರದ ಕೆಲಸ ಮಣ್ಣುಪಾಲು."

ಅತ್ತೆ ಲೋಟವನ್ನು ಎತ್ತಿಕೊಂಡು ಹೋದಳು. ಮಾತನ್ನೂ ಎತ್ತಿಕೊಂಡು ಹೋದಳು.

ಆ ಶನಿವಾರ ಮಾಮ ಕೇಳಿದ, "ನಿನ್ನ ತಲೆಗೂದಲು ಒಂದು ಕೊಡು." ಬಾಚಣಿಗೆಯಿಂದ ಒಂದು ಉದ್ದ ಬಿಳಿಕೂದಲು ಬಿಡಿಸಿ ಕೊಟ್ಟಳು. ಕತ್ತಿಯ ಹಿಡಿಯನ್ನು ಮೇಜಿಗೊರಗಿಸಿ ಬಾಯಿ ಮೇಲೆ ಮಾಡಿ, ಎಡಗೈಯಿಂದ ಕೂದಲನ್ನು ಅದರ ಮೇಲಕ್ಕೆ ಇಳಿಬಿಟ್ಟ. ತಗುಲಿತೋ ಇಲ್ಲವೋ, ಕೂದಲು ಎರಡಾಯಿತು. ಕೆಳಗಿನ ತುಂಡು ಬಿದ್ದದ್ದು ಕೂಡ ಅತ್ತೆಗೆ ಕಾಣಿಸಲಿಲ್ಲ.

"ಬಂತು," ಎಂದ ಮಾಮ. "ನಾಳೆ ಭಾನುವಾರ. ನಾಳೆ ಗಡ್ಡ."

"ಬೇಡ ರೀ. ನಿಮ್ಮ ದಮ್ಮಯ್ಯ. ಆ ಮಾತ್ರೆ ತಗೊಳ್ತಾ ಇದ್ದೀರ, ಆ ಕೈ..."

"ಕೈಗೇನಾಗಿದೆ?" ಎಂದು ಕೇಳಿದ.

ಮಧ್ಯಾಹ್ನದ ಊಟ ಮುಗಿಸಿ ಅವನು ಮಲಗಿದ ಮೇಲೆ ಅವಳು ಕತ್ತಿಯನ್ನು ಬಿಚ್ಚಿದಳು. ಗಾಜಿನ ಲೋಟವನ್ನು ಬೋರಲು ಹಾಕಿ, ಅದರ ತಳದಂಚಿನ ಮೇಲೆ ಕತ್ತಿಯ ಬಾಯಿಯನ್ನು ಹಿಡಿಯ ಕಡೆಯಿಂದ ತುದಿಯ ತನಕ ಒಮ್ಮೆ ಎಳೆದಳು. ಸದ್ದು ಬಂದದ್ದು ಇಷ್ಟೇ ಇಷ್ಟು. ಆದರೂ ಪಕ್ಕದ ಕೋಣೆಯ ಗೊರಕೆ ನಿಂತ ಹಾಗಾಗಿ ಅವಳು ಕತ್ತಿಯನ್ನು ಸೆರಗಿಗೆ ಮರೆಮಾಡಿದಳು. ಗೊರಕೆ ಮತ್ತೆ ಶುರುವಾಯಿತು. ಕತ್ತಿಯನ್ನು ಇದ್ದ ಹಾಗೇ ಮಡಚಿಟ್ಟು, ಲೋಟವನ್ನು ತೊಳೆದಳು. ಯಾಕೆ ತೊಳೆದಳೋ ಅವಳಿಗೇ ತಿಳಿಯಲಿಲ್ಲ.

ಭಾನುವಾರ ಮಾಮ ಕೆನ್ನೆಗೆ ಸೋಪಿನ ನೊರೆ ಬಳಿದುಕೊಂಡು, ಹೆಗಲಿಗೆ ಟವೆಲು ಹಾಕಿಕೊಂಡು, ಕನ್ನಡಿಯ ಮುಂದೆ ಮದುವೆಗಂಡಿನ ಹಾಗೆ ನಿಂತ. ಹೆಂಡತಿಯ ಇನ್ನೊಂದು ಕೂದಲು ಪಡೆದು ಕತ್ತಿಯ ಮೇಲೆ ಇಳಿಬಿಟ್ಟ. ಕೂದಲು ಬಾಯಿಯ ಮೇಲೆ ಕೂತು ಬಾಗಿತು. ತುಂಡಾಗಲಿಲ್ಲ. ಇನ್ನೊಮ್ಮೆ ಇಳಿಬಿಟ್ಟ, ಇನ್ನೊಮ್ಮೆ ಬಾಗಿತು. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಕಿಟಕಿಯ ಬೆಳಕಿಗೆ ಹೋಗಿ ಬಹಳ ಹೊತ್ತು ನೋಡಿದ.

"ಸ್ಟೇನ್‌ಲೆಸ್ ಅಲ್ವಾ," ಎಂದ ಕಡೆಗೆ. "ಇವತ್ತು ಬಂದ ಹರಿತ ನಾಳೆ ಇರಲ್ಲ ಅನ್ಸುತ್ತೆ. ಇನ್ನೂ ಕಲೀಬೇಕು."

ನೊರೆ ತೊಳೆದುಕೊಂಡು, ಮಿಷನ್ನು ಓಡಿಸಿಕೊಂಡು, ತಿಂಡಿ ತಿಂದು, ಮತ್ತೆ ಕಲ್ಲಿನ ಮುಂದೆ ಕೂತ. ಅತ್ತೆ ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು.

ಅಲ್ಲಿಂದ ಅದೇ ಕತೆಯಾಯಿತು. ವಾರವೆಲ್ಲ ಮಾಮ ಮಸೆಯುವುದು, ಶನಿವಾರ ಕೂದಲು ತುಂಡಾಗುವುದು, "ನಾಳೆ ಗಡ್ಡ" ಅನ್ನುವುದು, ಶನಿವಾರ ಮಧ್ಯಾಹ್ನ ಅತ್ತೆ ಲೋಟ ಬೋರಲು ಹಾಕುವುದು, ಭಾನುವಾರ ಕೂದಲು ಬಾಗುವುದು. ಜೀವ ಉಳಿಸುತ್ತಿದ್ದೇನೆ ಎಂದು ಅತ್ತೆ ತನಗೆ ತಾನೇ ಹೇಳಿಕೊಂಡಳು. ನಿಜವೇ ಇರಬಹುದು. ಆದರೆ ಕೆಲಸ ಬಲ್ಲವನೊಬ್ಬನ ಕೆಲಸವನ್ನು ಅವನ ಬೆನ್ನ ಹಿಂದೆ ವಾರವಾರವೂ ಹಾಳುಮಾಡುವುದು, ಅದೂ ಅವನ ಹೆಂಡತಿಯಾಗಿದ್ದುಕೊಂಡು, ಗಂಟಲಿನಿಂದ ಕೆಳಗಿಳಿಯುವ ತುತ್ತಲ್ಲ. ಶುಕ್ರವಾರ ಬಂತೆಂದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಒಂದು ದಿನ ಅವನು ಮಗಳ ಹತ್ತಿರ ಫೋನಿನಲ್ಲಿ ಆಡುತ್ತಿದ್ದದ್ದು ಕಿವಿಗೆ ಬಿತ್ತು. "ಇಲ್ಲ ಮಗಾ, ಇನ್ನೂ ಆಗಿಲ್ಲ. ನಂಗೇ ಬರ್ತಾ ಇಲ್ವೇನೋ. ಕೈ ಮುಂಚಿನ ಹಾಗಿಲ್ಲ ನೋಡು."

ಕೈ ಮುಂಚಿನ ಹಾಗಿಲ್ಲ ಎಂದು ಅವನು ತನ್ನ ಬಾಯಿಂದ ಹೇಳಿದ್ದು ಅದೇ ಮೊದಲು. ಅಂಗಡಿ ಮುಚ್ಚುವಾಗಲೂ "ಈಗ ಯಾರು ವಾಚು ರಿಪೇರಿ ಮಾಡಿಸ್ತಾರೆ" ಎಂದಿದ್ದನೇ ಹೊರತು ಕೈಯ ಮಾತು ಎತ್ತಿರಲಿಲ್ಲ. ಅತ್ತೆ ಅಡುಗೆಮನೆಯ ಗೋಡೆಗೆ ಒರಗಿದಳು. ರಕ್ತ ಹರಿಯಬಾರದೆಂದು ನಾನು ಹೊರಟೆ, ಅದಕ್ಕಿಂತ ದೊಡ್ಡದನ್ನೇ ಕೊಯ್ದು ಕೂತಿದ್ದೇನಲ್ಲ ಎನಿಸಿತು.

ಶನಿವಾರ ಎದುರುಮನೆಯವನು ಕಿಟಕಿಯ ಹೊರಗೆ ನಿಂತು ಹಲ್ಲುಕಿರಿದ. "ಏನ್ ಮಾಮ, ಕತ್ತಿ ಮಸೀತಾನೇ ಇದ್ದೀರ. ಯುದ್ಧ ಯಾವಾಗ?"

ಮಾಮ ತಲೆ ಎತ್ತಲಿಲ್ಲ. ಬಿಸಿಬಿಸಿ ಉತ್ತರ ಕೊಡದೆ ಯಾರನ್ನೂ ಬಿಡದವನು, ತಲೆತಗ್ಗಿಸಿ ಕಲ್ಲಿಗೆ ನೀರು ಚಿಮುಕಿಸಿದ. ಅತ್ತೆಗೆ ಎದುರುಮನೆಯವನ ಮುಖಕ್ಕೆ ಅದೇ ನೀರನ್ನು ಎರಚುವಷ್ಟು ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಉಳಿದದ್ದು ತನ್ನ ಮೇಲಿನ ಅಸಹ್ಯ.

ಆ ಮಧ್ಯಾಹ್ನ ಅವಳು ಲೋಟ ಬೋರಲು ಹಾಕಿದಳು. ಕತ್ತಿ ಬಿಚ್ಚಿದಳು. ಬಾಯಿಯನ್ನು ಗಾಜಿನ ಹತ್ತಿರ ತಂದಳು. ಪಕ್ಕದ ಕೋಣೆಯಲ್ಲಿ ಮಾಮ ಮಗ್ಗುಲು ಬದಲಿಸಿದ ಸದ್ದಾಯಿತು. ಅತ್ತೆ ಕತ್ತಿಯನ್ನು ಮಡಚಿ, ಇದ್ದಲ್ಲೇ ಇಟ್ಟು, ಲೋಟದಲ್ಲಿ ನೀರು ಬಗ್ಗಿಸಿಕೊಂಡು ಕುಡಿದಳು. ಅವನ ಕೈ ಅವನದು, ಎಂದುಕೊಂಡಳು. ಆದದ್ದಾಗಲಿ.

ಆದದ್ದಾಗಲಿ ಎಂದುಕೊಂಡವಳು ಸುಮ್ಮನಿರಬೇಕಷ್ಟೆ? ಔಷಧಿಯಂಗಡಿಗೆ ಹೋಗಿ ಹತ್ತಿಯ ದೊಡ್ಡ ಸುರುಳಿ ತಂದಳು. ಒಗೆದ ಟವೆಲುಗಳನ್ನು ಕೈಗೆಟಕುವ ಹಾಗೆ ಜೋಡಿಸಿಟ್ಟಳು. ಕ್ಲಿನಿಕ್ಕಿಗೆ ಫೋನ್ ಮಾಡಿ ಭಾನುವಾರ ಡಾಕ್ಟರು ಇರುತ್ತಾರಾ ಎಂದು ಕೇಳಿದಳು. ಯಾಕೆ, ಏನಾಗಿದೆ ಎಂದು ಅವರು ಕೇಳಿದಾಗ, "ಇನ್ನೂ ಏನೂ ಆಗಿಲ್ಲ" ಎಂದು ಹೇಳಿ ಇಟ್ಟುಬಿಟ್ಟಳು. ಮಗಳಿಗೆ ಮಾತ್ರ ಹೇಳಲಿಲ್ಲ. ಹೇಳಿದರೆ ಓಡಿಬಂದು ಕತ್ತಿಯನ್ನೇ ಎತ್ತಿಕೊಂಡು ಹೋಗುತ್ತಾಳೆ, ಆಮೇಲೆ ಇವನು ಆ ಕಿಟಕಿಯ ಪಕ್ಕ ಏನಿಟ್ಟುಕೊಂಡು ಕೂರಬೇಕು?

ಭಾನುವಾರ ಮಾಮ ಎಂದಿನ ಹಾಗೇ ನೊರೆ ಬಳಿದುಕೊಂಡ. ಈ ಸಲ ಸ್ವಲ್ಪ ದಪ್ಪಗೇ ಬಳಿದುಕೊಂಡ. ಯಾವುದೋ ಹಳೆಯ ಹಾಡನ್ನು ಮೂಗಿನಲ್ಲೇ ಗುನುಗುತ್ತಿದ್ದ. ಬಾಗಿಲಲ್ಲಿ ನಿಂತ ಅತ್ತೆ ಟವೆಲನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳುಗಳು ಬೆಳ್ಳಗಾಗಿದ್ದವು.

"ಕೂದಲು," ಎಂದು ಕೈ ಚಾಚಿದ.

ಕೊಟ್ಟಳು. ಇಳಿಬಿಟ್ಟ. ಕೂದಲು ಎರಡಾಯಿತು.

ಗುನುಗು ನಿಂತಿತು.

"ಇನ್ನೊಂದು ಕೊಡು."

ಬಾಚಣಿಗೆ ಹುಡುಕುವಷ್ಟು ಸಮಾಧಾನ ಇರಲಿಲ್ಲ, ತಲೆಯಿಂದಲೇ ಕಿತ್ತು ಕೊಟ್ಟಳು. ಅದೂ ಎರಡಾಯಿತು. ಮಾಮ ಕತ್ತಿಯನ್ನು ನೋಡಿದ, ಕನ್ನಡಿ ನೋಡಿದ. ನೊರೆ ಬಿಟ್ಟು ಮುಖದಲ್ಲಿ ಎಷ್ಟು ಚರ್ಮ ಕಾಣುತ್ತಿತ್ತೋ ಅಷ್ಟೂ ಬಿಳಿಚಿಕೊಂಡಿತು. ಸ್ನಾನದ ಮನೆಯ ಸ್ಟೂಲನ್ನು ಕಾಲಿಂದ ಎಳೆದುಕೊಂಡು ಅದರ ಮೇಲೆ ಕುಸಿದ. ಎದೆನೋವೇನಾದರೂ ಬಂತೇನೋ ಎಂದು ಅತ್ತೆ ಹತ್ತಿರ ಓಡಿದಳು.

"ಏನಾಯ್ತು ರೀ? ಯಾಕೆ?"

"ನಿನ್ನೆ ಮಧ್ಯಾಹ್ನ ನೀನು ಮಲಗಿಬಿಟ್ಟೆಯಾ?"

"ಇಲ್ಲ. ಯಾಕೆ?"

"ಮತ್ತೆ ಲೋಟ?"

ಅತ್ತೆಗೆ ಮೊದಲು ತಿಳಿಯಲಿಲ್ಲ.

"ಮೊದಲನೇ ಭಾನುವಾರವೇ ಕಂಡಿತ್ತು," ಎಂದ ಮಾಮ. "ಹರಿತ ಇರೋ ಬಾಯಿ ಭೂತಗನ್ನಡಿಗೆ ಕಾಣೋದೇ ಇಲ್ಲ. ಅವತ್ತು ಈ ತುದಿಯಿಂದ ಆ ತುದಿಗೆ ಬಿಳೀ ಗೆರೆ ಹೊಡೀತಿತ್ತು. ತಾನಾಗಿ ಮೊಂಡಾದ್ರೆ ಅಲ್ಲಲ್ಲಿ ಆಗುತ್ತೆ, ಅಷ್ಟು ನೀಟಾಗಿ ಆಗಲ್ಲ. ಗಾಜಿನ ವಿಷಯ ನಿಂಗೆ ಹೇಳಿದವನು ನಾನೇ ತಾನೇ."

"ಗೊತ್ತಿತ್ತಾ?" ಅತ್ತೆಯ ದನಿ ಏರಿತು. "ಗೊತ್ತಿದ್ದೂ ನನ್ನ ಹೀಗೆ ಬೇಯಿಸಿದ್ರಾ? ವಾರವಾರ ಸತ್ತು ಹುಟ್ಟಿದ್ದೀನಿ ನಾನು. ಮಗಳ ಹತ್ರ ಕೈ ಮುಂಚಿನ ಹಾಗಿಲ್ಲ ಅಂತ ಹೇಳಿದ್ದು ಕೇಳಿ ಎಷ್ಟು ಅತ್ತಿದ್ದೀನಿ ಗೊತ್ತಾ? ಆ ಎದುರುಮನೆಯವನು ಹಲ್ಲುಕಿರಿದ್ರೆ ನಂಗೆ ಹೊಟ್ಟೆ ಉರೀತು. ಕೇಳಬಾರದಿತ್ತಾ ಒಂದು ಮಾತು?"

"ಕೇಳಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ."

ಅತ್ತೆ ಅವನನ್ನೇ ನೋಡಿದಳು.

"ನೀನು ಹೇಗಿದ್ರೂ ಮೊಂಡು ಮಾಡ್ತೀಯ ಅನ್ನೋ ಧೈರ್ಯದ ಮೇಲೇ ನಾಳೆ ಗಡ್ಡ, ನಾಳೆ ಗಡ್ಡ ಅಂತಿದ್ದೆ," ಎಂದ ಅವನು, ನೆಲ ನೋಡಿಕೊಂಡು. "ಕೈ ಮುಂಚಿನ ಹಾಗಿಲ್ಲ ಅಂತ ಬಾಯಲ್ಲಿ ಹೇಳಿದ್ದಷ್ಟೆ. ನಿಜವಾಗಿ ಹಾಗಿದೆಯೋ ಇಲ್ವೋ ಅಂತ ಇದನ್ನ ಕುತ್ತಿಗೆ ಮೇಲೆ ಇಟ್ಟಾಗಲೇ ಗೊತ್ತಾಗೋದು. ಅಂಗಡೀಲಿ ಒಂದು ದಿನ ಹಾಗೇ ಗೊತ್ತಾಯ್ತು. ಸಾಸಿವೆಯಷ್ಟಿರೋ ಸ್ಕ್ರೂ. ಇಡೋಕೆ ಹೋದೆ, ಹಾರಿಹೋಯ್ತು. ಇನ್ನೊಂದು ತಗೊಂಡೆ, ಅದೂ ಹೋಯ್ತು. ವಾಚು ತಂದವನು ಎದುರಿಗೇ ನಿಂತಿದ್ದ. ನೆಲದ ಮೇಲೆ ಹುಡುಕೋ ಹಾಗೆ ಬಗ್ಗಿ ಅಲ್ಲೇ ಇದ್ದುಬಿಟ್ಟೆ, ಅವನು ಹೋಗೋ ತನಕ. ಇನ್ನೊಂದ್ಸಲ ಹಾಗೆ ಗೊತ್ತಾಗೋದು ನಂಗೆ ಬೇಡ ಕಣೇ. ಭಯ ಆಗುತ್ತೆ."

ಮದುವೆಯಾದಂದಿನಿಂದ ಅವನ ಬಾಯಲ್ಲಿ ಆ ಮಾತು ಅವಳು ಕೇಳಿರಲಿಲ್ಲ. ಇಷ್ಟು ದಿನ ಭಯ ತನ್ನೊಬ್ಬಳ ಸೊತ್ತು ಎಂದುಕೊಂಡು, ಅವನಿಗೆ ಕಾಣಬಾರದೆಂದು ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡಿದ್ದಳು. ಅದರಲ್ಲಿ ಅರ್ಧ ಪಾಲು ಕಿಟಕಿಯ ಪಕ್ಕ ಕೂತು ಕಲ್ಲಿಗೆ ನೀರು ಚಿಮುಕಿಸುತ್ತಿತ್ತು. ಅವಳ ಸಿಟ್ಟು ಎಲ್ಲಿ ಹೋಯಿತೋ ಹೋಯಿತು. ಕಣ್ಣು ತುಂಬಿಬಂತು.

ಮಾಮನ ಕೆನ್ನೆಯ ಮೇಲೆ ನೊರೆ ಒಣಗುತ್ತಿತ್ತು. ತೊಡೆಯ ಮೇಲಿದ್ದ ಅವನ ಬಲಗೈಯಲ್ಲಿ ಬಿಚ್ಚಿದ ಕತ್ತಿ ಸಣ್ಣಗೆ ನಡುಗುತ್ತಿತ್ತು. ಇಬ್ಬರೂ ಅದನ್ನು ನೋಡಿದರು. ನೋಡದವರ ಹಾಗೆ ಮುಖ ತಿರುಗಿಸಲು ಈ ಸಲ ಇಬ್ಬರೂ ಹೋಗಲಿಲ್ಲ. ಅತ್ತೆ ಬಗ್ಗಿ, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕತ್ತಿಯನ್ನು ತೆಗೆದುಕೊಂಡು ಮಡಚಿದಳು. ಟವೆಲಿನ ತುದಿಯನ್ನು ಒದ್ದೆಮಾಡಿ ಅವನ ಮುಖದ ನೊರೆಯನ್ನು ಒರೆಸಿದಳು. ಮೊದಲು ಕೆನ್ನೆ, ಆಮೇಲೆ ಗದ್ದ, ಆಮೇಲೆ ಕುತ್ತಿಗೆ. ಅವನು ಮುಖ ಮೇಲೆ ಮಾಡಿ ಕೂತಿದ್ದ.

"ಇವತ್ತು ಹೊತ್ತಾಯ್ತು," ಎಂದ. "ಬರೋ ಭಾನುವಾರ ಖಂಡಿತ ಮಾಡ್ಕೋತೀನಿ."

"ಹೂಂ, ಮಾಡ್ಕೊಳ್ಳಿ."

"ಶನಿವಾರ ಮಾತ್ರ ಮರೀಬೇಡ."

"ಮರೆಯಲ್ಲ ಬಿಡಿ," ಎಂದಳು ಅತ್ತೆ.